ಹಂಗಿನ ಗೋಧಿ

2025ರ ಜನವರಿ 20ರಂದು ಎರಡನೆಯ ಬಾರಿ ಅಮೆರಿಕದ ಅಧ್ಯಕ್ಷ ಪದವಿಗೆ ಬಂದ ಡೊನಾಲ್ಡ್ ಟ್ರಂಪರು ಅದೇ ದಿನ ಸಹಿ ಹಾಕಿದ ಆಜ್ಞೆಗಳಲ್ಲಿ ಒಂದು, ಪರದೇಶಗಳಿಗೆ ಅಮೆರಿಕ ಕೊಡುತ್ತಿದ್ದ ನೆರವನ್ನು 90 ದಿನಗಳ ಕಾಲ ತಡೆಹಿಡಿಯತಕ್ಕದ್ದು ಎಂಬುದಾಗಿತ್ತು. ಆ 90 ದಿನ ಮುಗಿಯುವ ತನಕವಾದರೂ ಕಾಯಲಿಲ್ಲ. ಮಾರ್ಚಿ ತಿಂಗಳಲ್ಲೇ, ನೆರವಿನ ಸಂಸ್ಥೆಯ ಕೆಲಸಗಳಲ್ಲಿ ನೂರಕ್ಕೆ 83 ಪಾಲನ್ನು ರದ್ದು ಮಾಡಿದ್ದಾಯಿತೆಂದು ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಸಾರಿದರು. 1961ರಲ್ಲಿ ಕೆನೆಡಿಯವರ ಕಾಲದಲ್ಲಿ ಹುಟ್ಟಿದ ಆ ಸಂಸ್ಥೆ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು.

ಸಹಿ ಬಿದ್ದದ್ದು ವಾಷಿಂಗ್ಟನ್ನಿನಲ್ಲಿ. ಒಲೆ ಆರಿದ್ದು ಸೂಡಾನಿನಲ್ಲಿ. ಆ ದೇಶದಲ್ಲಿ 2023ರ ಏಪ್ರಿಲ್ 15ರಿಂದ ಸೈನ್ಯಕ್ಕೂ ಒಂದು ಅರೆಸೈನಿಕ ಪಡೆಗೂ ಕಾಳಗ ಹತ್ತಿಕೊಂಡು ಕೋಟಿಗೂ ಮಿಕ್ಕಿದ ಜನ ಮನೆಮಠ ಬಿಟ್ಟಿದ್ದರು. 2024ರ ಆಗಸ್ಟಿನಲ್ಲಿ ದಾರ್ಫುರ್ ಪ್ರಾಂತದ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಬಿದ್ದಿರುವುದು ದೃಢಪಟ್ಟಿತು. ಸರ್ಕಾರವೆಂಬುದು ಕಣ್ಣಿಗೆ ಕಾಣದ ಕಡೆಗಳಲ್ಲಿ ಕೇರಿಯ ಯುವಕರೂ ಹೆಂಗಸರೂ ಸೇರಿ ಗಂಜಿ ಕೇಂದ್ರಗಳನ್ನು ನಡೆಸುತ್ತಿದ್ದರು. ಬೇಳೆಗೂ ಹಿಟ್ಟಿಗೂ ಬೇಕಾದ ದುಡ್ಡಿನ ದೊಡ್ಡ ಪಾಲು ಅಮೆರಿಕದ್ದು. ಜನವರಿಯ ಕೊನೆಯ ವಾರ ಅದು ನಿಂತಿತು. ಕೆಲವು ಕಡೆ ಅಂಗಡಿಯವರಿಂದ ಉದ್ರಿ ತಂದು ನಾಲ್ಕು ದಿನ ತಳ್ಳಿದರು. ಆಮೇಲೆ ನೂರಾರು ಗಂಜಿ ಕೇಂದ್ರಗಳು ಮುಚ್ಚಿದವು.

ಇನ್ನೊಂದು ಸಂಗತಿಯನ್ನು ನಮ್ಮ ದಿನಸಿ ವರ್ತಕರು ಕೇಳಬೇಕು. ಆಫ್ಘಾನಿಸ್ತಾನ, ಪಾಕಿಸ್ತಾನಗಳ ಮಕ್ಕಳಿಗೆಂದು ಅಮೆರಿಕ ಕೊಂಡಿಟ್ಟಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ದುಬೈನ ಉಗ್ರಾಣದಲ್ಲಿತ್ತು. ಅದನ್ನು ಸಾಗಿಸಲು ಅಪ್ಪಣೆ ಕೊಡತಕ್ಕ ಅಧಿಕಾರಿಗಳೇ ಕೆಲಸ ಕಳೆದುಕೊಂಡಿದ್ದರಿಂದ ಸರಕು ಕೂತಲ್ಲೇ ಕೂತಿತು, ವಾಯಿದೆ ಮೀರಿತು, 2025ರ ಜುಲೈನಲ್ಲಿ ಸುಟ್ಟುಹಾಕುವ ತೀರ್ಮಾನವಾಯಿತು. ಸುಡುವುದಕ್ಕೆ ಮತ್ತೆ ಖರ್ಚು ಬೇರೆ. ತಾರೀಖು ಹತ್ತಿರ ಬಂದ ಬಿಸ್ಕತ್ತನ್ನು ಅರ್ಧ ಬೆಲೆಗಾದರೂ ಮಾರಿ ಕೈತೊಳೆದುಕೊಳ್ಳುವ ಚಿಲ್ಲರೆ ಅಂಗಡಿಯವನಿಗಿರುವ ಬುದ್ಧಿ ಅಷ್ಟು ದೊಡ್ಡ ಸರ್ಕಾರಕ್ಕೆ ಇಲ್ಲದೆ ಹೋಯಿತು.

ಈ ಸುದ್ದಿ ಯಡಿಯೂರಿನ ಹೋಟೆಲುಗಳಲ್ಲಿ ಕಾಫಿಯ ಜೊತೆಗೆ ಚರ್ಚೆಯಾದಾಗ ಒಂದು ಮಾತು ಬಹಳವಾಗಿ ಕೇಳಿಬಂತು. “ನಿಂತರೆ ನಿಲ್ಲಲಿ ಬಿಡಿ ಸ್ವಾಮಿ, ಕೊಡುವವರು ಕೈ ಎತ್ತಿದರೇ ತೆಗೆದುಕೊಳ್ಳುವವರು ಎದ್ದು ನಿಲ್ಲುವುದು. ನಮಗೂ ಒಂದು ಕಾಲದಲ್ಲಿ ಅಮೆರಿಕ ಗೋಧಿ ನಿಲ್ಲಿಸಿತು. ಆಮೇಲೆ ತಾನೆ ನಾವು ಬೆಳೆದುಕೊಂಡದ್ದು?” ಹೀಗೆ ಹೇಳುವವರು ಕೆಟ್ಟವರಲ್ಲ. ಗಿರಣಿಯಲ್ಲಿ ದುಡಿದು ಬೆನ್ನು ಬಾಗಿಸಿಕೊಂಡವರೂ ಇದನ್ನೇ ಹೇಳುತ್ತಾರೆ, ಸ್ವಂತ ಕಾಲಿನ ಮೇಲೆ ನಿಂತವನಿಗೆ ಆ ಹೆಮ್ಮೆ ಸಹಜ. ಆದರೆ ಮಾತು ನಿಜವಲ್ಲ. ನಮ್ಮ ದೇಶದಲ್ಲಿ 1965ರಿಂದ 1967ರವರೆಗೆ ನಡೆದದ್ದೇನೆಂಬುದನ್ನು ತಾರೀಖು ಹಿಡಿದು ನೋಡಿದರೆ ಅದು ನಿಜವಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಅಂದು ಸಂಕಟಕ್ಕೆ ಸಿಕ್ಕ ದೇಶ ನಮ್ಮದೇ. ಗೋಧಿಯ ಹಡಗಿಗೆ ಕಾದವರು ನಮ್ಮ ಅಜ್ಜ ಅಜ್ಜಿಯರೇ.

ಅಮೆರಿಕದ ರೈತರು ಬೆಳೆದ ಧಾನ್ಯ ಅವರ ಉಗ್ರಾಣಗಳಲ್ಲಿ ಹಿಡಿಸದಷ್ಟಾದಾಗ, ಅದನ್ನು ಹೊರದೇಶಕ್ಕೆ ಸಾಗಹಾಕುವ ಸಲುವಾಗಿ 1954ರಲ್ಲಿ ಆ ದೇಶ ಒಂದು ಕಾಯಿದೆ ಮಾಡಿತು. ಅದೇ ಪಿ.ಎಲ್. 480. ಭಾರತ 1956ರ ಆಗಸ್ಟಿನಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರ ಮೇ ತಿಂಗಳಲ್ಲಿ ಆಹಾರ ಮಂತ್ರಿ ಎಸ್. ಕೆ. ಪಾಟೀಲರು ವಾಷಿಂಗ್ಟನ್ನಿಗೆ ಹೋಗಿ, ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಯ ಒಪ್ಪಂದಕ್ಕೆ ಸಹಿ ಮಾಡಿ ಬಂದರು. ಇದು ದಾನವೆಂದು ಅನೇಕರು ತಿಳಿದಿದ್ದಾರೆ. ಹೆಚ್ಚಿನ ಪಾಲು ದಾನವಲ್ಲ, ವ್ಯಾಪಾರ. ಡಾಲರಿನ ಬದಲು ರೂಪಾಯಿಯಲ್ಲಿ ಬೆಲೆ ಕಟ್ಟುವ ಸೌಲಭ್ಯವಿತ್ತು, ಅಷ್ಟೆ. ಆ ರೂಪಾಯಿ ಅಮೆರಿಕದ ಲೆಕ್ಕಕ್ಕೆ ಜಮೆಯಾಗಿ ಬೆಳೆಯುತ್ತಾ ಹೋಯಿತು. ಎಷ್ಟು ಬೆಳೆಯಿತೆಂದರೆ, 1974ರ ಫೆಬ್ರವರಿಯಲ್ಲಿ ಅದರ ದೊಡ್ಡ ಭಾಗವನ್ನು ಹಿಂದಕ್ಕೆ ಬಿಟ್ಟುಕೊಡುವಾಗ ರಾಯಭಾರಿ ಮೊಯ್ನಿಹಾನರು ಬರೆದುಕೊಟ್ಟ ಚೆಕ್ಕಿನ ಮೊಬಲಗು 1,664 ಕೋಟಿ ರೂಪಾಯಿ.

ಅಗ್ಗದ ಗೋಧಿ ಹಡಗಿನಲ್ಲಿ ಬರುತ್ತಿರುವಾಗ, ಮಳೆ ನಂಬಿದ ರೈತನಿಗೆ ನ್ಯಾಯವಾದ ಬೆಲೆ ಕೊಟ್ಟು ಧಾನ್ಯ ಎತ್ತುವ ತೊಂದರೆ ಯಾವ ಸರ್ಕಾರಕ್ಕೆ ಬೇಕು? ಪಟ್ಟಣಗಳ ನ್ಯಾಯಬೆಲೆ ಅಂಗಡಿಗಳು ಹೊರಗಿನ ಗೋಧಿಗೆ ಒಗ್ಗಿಕೊಂಡವು. ರಾಗಿ ಮುದ್ದೆಯ ನಾಡಾದ ಹಳೆ ಮೈಸೂರಿನಲ್ಲಿಯೂ ಗೋಧಿ ಹಿಟ್ಟು, ಗೋಧಿ ನುಚ್ಚು ಮನೆಯೊಳಕ್ಕೆ ಬಂದವು. ಕೇರ್ ಸಂಸ್ಥೆಯ ಉಪ್ಪಿಟ್ಟನ್ನೂ ಹಾಲಿನ ಪುಡಿಯ ಹಾಲನ್ನೂ 1960ರ ದಶಕದ ಪ್ರಾಥಮಿಕ ಶಾಲೆಗಳಲ್ಲಿ ಉಂಡು ಕುಡಿದವರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಕೇಳಿ ನೋಡಿ, ಆ ಉಪ್ಪಿಟ್ಟಿನ ರುಚಿಯನ್ನು ಇಂದಿಗೂ ಬಾಯಿ ಚಪ್ಪರಿಸಿ ಹೇಳುತ್ತಾರೆ. (ಆ ಗೋಧಿಯ ಜೊತೆಯಲ್ಲೇ ಕಾಂಗ್ರೆಸ್ ಗಿಡವೂ ಬಂತೆಂಬುದು ಜನರ ನಂಬಿಕೆ. ಬಂದದ್ದು ಹೇಗೋ, ಬನಶಂಕರಿಯ ಖಾಲಿ ನಿವೇಶನಗಳಿಂದ ಅದು ಇನ್ನೂ ಹೋಗಿಲ್ಲ.)

ಹೀಗಿರುವಾಗ 1965 ಬಂತು. ಮಳೆ ಕೈಕೊಟ್ಟಿತು. 1964–65ರಲ್ಲಿ 8 ಕೋಟಿ 90 ಲಕ್ಷ ಟನ್ನಿನಷ್ಟಿದ್ದ ದೇಶದ ಆಹಾರ ಧಾನ್ಯದ ಬೆಳೆ ಮರುವರ್ಷ 7 ಕೋಟಿ 20 ಲಕ್ಷ ಟನ್ನಿಗೆ ಕುಸಿಯಿತು. ಅದೇ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ. ಯುದ್ಧವಾದೊಡನೆ ಅಮೆರಿಕ ಎರಡು ದೇಶಗಳಿಗೂ ಆರ್ಥಿಕ ನೆರವನ್ನು ನಿಲ್ಲಿಸಿತು. ಧಾನ್ಯವನ್ನು ಪೂರ್ತಿ ನಿಲ್ಲಿಸಲಿಲ್ಲ; ನಿಲ್ಲಿಸುವುದಕ್ಕಿಂತ ಸೂಕ್ಷ್ಮವಾದ ಉಪಾಯ ಹೂಡಿತು. ವರ್ಷಗಟ್ಟಲೆಯ ಒಪ್ಪಂದದ ಬದಲು ತಿಂಗಳ ಲೆಕ್ಕ. ಈ ತಿಂಗಳ ಹಡಗಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಸಹಿ ಬೀಳಬೇಕು, ಮುಂದಿನ ತಿಂಗಳದ್ದಕ್ಕೆ ಮುಂದೆ ನೋಡೋಣ. ಈ ನೀತಿಗೆ ಅವರ ಜನರೇ ಇಟ್ಟ ಹೆಸರು ಗಿಡ್ಡ ಹಗ್ಗದ ನೀತಿ. ದನವನ್ನು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟುವವನು ಅದನ್ನು ಕೊಲ್ಲುವುದಿಲ್ಲ, ಸರಿ. ಮೇಯುವುದಕ್ಕೂ ಬಿಡುವುದಿಲ್ಲ.

ಹಂಗು ಹೇಗೆ ಕೆಲಸ ಮಾಡುತ್ತದೆಂಬುದನ್ನು 1966ರ ವರ್ಷವೊಂದರಲ್ಲೇ ನೋಡಬಹುದು. ಲಾಲ್ ಬಹದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿ ಒಂದು ಹೊತ್ತು ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡು, ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡರು. ಮಾರ್ಚಿಯಲ್ಲಿ ಹೊಸ ಪ್ರಧಾನಿ ಇಂದಿರಾ ಗಾಂಧಿಯವರು ವಾಷಿಂಗ್ಟನ್ನಿಗೆ ಹೋದರು. ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಲಾಯಿತು. ಜುಲೈನಲ್ಲಿ ವಿಯೆಟ್ನಾಮಿನ ಹನೋಯ್, ಹೈಫಾಂಗ್‌ಗಳ ಮೇಲಿನ ಬಾಂಬು ದಾಳಿ ನಿಲ್ಲಬೇಕೆಂದು ಭಾರತ ಹೇಳಿತು. ವಾಷಿಂಗ್ಟನ್ನಿನ ಮುಖ ಗಂಟಿಕ್ಕಿತು. ಆಗಸ್ಟಿನಿಂದ ಡಿಸೆಂಬರ್ ಕೊನೆಯವರೆಗೆ ಹೊಸ ಹಂಚಿಕೆಗೆ ಸಹಿಯೇ ಬೀಳಲಿಲ್ಲ. ಬಿಹಾರದಲ್ಲಿ ಭತ್ತದ ಗದ್ದೆಗಳು ಒಣಗಿ ಬಿರುಕು ಬಿಟ್ಟ ತಿಂಗಳುಗಳೇ ಇವು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಮ್ಮ ಸಾಲ ಸೋಲದ ವ್ಯವಹಾರಕ್ಕೆ ಸರಿ. ದೇಶ ದೇಶಗಳ ನಡುವೆ ಅದು ತಿರುಗುಮುರುಗು. ಅಲ್ಲಿ ಕೊಡುವವನೇ ಈರಭದ್ರ.

ಇದರ ಬೆಲೆ ತೆತ್ತವರು ಯಾರು? ದಿಲ್ಲಿಯ ಮಂತ್ರಿಗಳ ಮನೆಯ ಒಲೆ ಆರಿತೆಂದು ನಾವಾರೂ ಕೇಳಿಲ್ಲ. ರೂಪಾಯಿ ಬೆಲೆ ಇಳಿಸಿದ್ದನ್ನೇ ತೆಗೆದುಕೊಳ್ಳಿ. ಜೂನ್ 5ರವರೆಗೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ. ಮರುದಿನ 7 ರೂಪಾಯಿ 50 ಪೈಸೆ. ಹೊರದೇಶದಿಂದ 100 ಡಾಲರಿನ ಯಂತ್ರದ ಬಿಡಿಭಾಗ ತರಿಸುತ್ತಿದ್ದ ಮಿಲ್ಲಿಗೆ ನಿನ್ನೆ 476 ರೂಪಾಯಿ ಸಾಕಾಗಿತ್ತು, ಇಂದು 750 ಬೇಕು. ಬಣ್ಣಕ್ಕೆ, ರಾಸಾಯನಿಕಕ್ಕೆ, ಉದ್ದ ಎಳೆಯ ಹತ್ತಿಗೆ ಎಲ್ಲಕ್ಕೂ ಇದೇ ಲೆಕ್ಕ. ಬೆಲೆ ಇಳಿಸಿದರೆ ನಿಂತ ನೆರವು ಮತ್ತೆ ಧಾರಾಳವಾಗಿ ಹರಿಯುತ್ತದೆಂಬ ಆಸೆ ತೋರಿಸಲಾಗಿತ್ತು. ಆಶಿಸಿದಷ್ಟು ಹಣ ಆಶಿಸಿದ ಕಾಲಕ್ಕೆ ಬರಲಿಲ್ಲ. 1966ರ ಏಪ್ರಿಲಿನಲ್ಲಿ ಶುರುವಾಗಬೇಕಿದ್ದ ನಾಲ್ಕನೆಯ ಪಂಚವಾರ್ಷಿಕ ಯೋಜನೆಯನ್ನು ಮೂರು ವರ್ಷ ಮುಂದಕ್ಕೆ ಹಾಕಿ 1969ರಲ್ಲಿ ಆರಂಭಿಸಿದರು. ಮೂರು ವರ್ಷ ಸರ್ಕಾರ ಹೊಸ ಕಾರ್ಖಾನೆಗಳಿಗೆ, ರೈಲಿಗೆ, ಕಾಲುವೆಗೆ ಕೈ ಬಿಗಿ ಹಿಡಿಯಿತು. ಯಂತ್ರ ಮಾಡುವ ಕಾರ್ಖಾನೆಗಳಿಗೆ ಗಿರಾಕಿ ಇಲ್ಲ. ಬರದಿಂದ ಹತ್ತಿ ತುಟ್ಟಿಯಾಗಿ, ಊಟಕ್ಕೇ ದುಡ್ಡು ಸಾಲದ ಜನ ಬಟ್ಟೆ ಕೊಳ್ಳುವುದನ್ನು ಬಿಟ್ಟಾಗ ಜವಳಿ ಮಿಲ್ಲುಗಳಿಗೂ ಅದೇ ಗತಿ. ಸಗಟು ಬೆಲೆ 1966–67ರ ಒಂದೇ ವರ್ಷದಲ್ಲಿ ನೂರಕ್ಕೆ ಸುಮಾರು 14ರಷ್ಟು ಏರಿತು. ವಾರದ ಬಟವಾಡೆಯಲ್ಲಿ ಸಂಸಾರ ತೂಗಿಸುವವನಿಗೆ ಈ 14 ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೆ ಉದ್ರಿ ಕೊಟ್ಟ ಅಂಗಡಿಯವನಿಗೂ ಹೇಳಬೇಕಾಗಿಲ್ಲ. ವಸೂಲಾಗದ ಉದ್ರಿಯ ಪುಸ್ತಕ ಎರಡನೆಯ ಹಸಿವು.

ಬಿಹಾರದಲ್ಲಿ 1967ರ ಏಪ್ರಿಲಿನಲ್ಲಿ ಕ್ಷಾಮವಿದೆಯೆಂದು ಅಧಿಕೃತವಾಗಿ ಘೋಷಿಸಲಾಯಿತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಬಾಯಿಬಿಟ್ಟು ಆ ಪದ ಉಚ್ಚರಿಸಿದ್ದು ಅದೇ ಮೊದಲು. ಅಲ್ಲಿ ಪರಿಹಾರ ಸಮಿತಿ ಕಟ್ಟಿ ಹಳ್ಳಿ ಹಳ್ಳಿಗೆ ಗಂಜಿ ಮುಟ್ಟಿಸಿದವರು ಜಯಪ್ರಕಾಶ ನಾರಾಯಣರು. ಯಡಿಯೂರಿನಿಂದ ಅಷ್ಟು ದೂರವಲ್ಲದ ಜೆ.ಪಿ. ನಗರಕ್ಕೆ ಅವರ ಹೆಸರಿದೆ. ನಿವೇಶನದ ದರ ಕೇಳುವವರಿಗೆ ಆ ಎರಡು ಅಕ್ಷರ ಗೊತ್ತು, ಗಂಜಿ ಕೇಂದ್ರದ ವಿಷಯ ಗೊತ್ತಿದ್ದವರು ಕಡಿಮೆ. ಆ ಕ್ಷಾಮದಲ್ಲಿ ಲಕ್ಷಾಂತರ ಮಕ್ಕಳು ಉಳಿದದ್ದು ಕೇರ್ ಮೊದಲಾದ ಸಂಸ್ಥೆಗಳು ತಂದ ಹೊರಗಿನ ಆಹಾರದಿಂದಲೂ ಹೌದು. 1966ರಲ್ಲಿ ಭಾರತ ಒಂದು ಕೋಟಿ ಟನ್ನಿನಷ್ಟು ಧಾನ್ಯ ಹೊರಗಿನಿಂದ ತರಿಸಿತು. ಅಮೆರಿಕದ ಗೋಧಿ ಬೆಳೆಯ ಸುಮಾರು ಐದನೆಯ ಒಂದು ಪಾಲು ಆಗ ನಮ್ಮ ಬಂದರುಗಳಿಗೆ ಬಂತು. ಇದನ್ನು ಮರೆಮಾಚಿ ಬೈಯುವುದು ನ್ಯಾಯವಲ್ಲ. ಕಾನ್ಸಾಸಿನ ರೈತನ ಮೇಲಾಗಲಿ, ಹಡಗಿಗೆ ಮೂಟೆ ತುಂಬಿದ ಬಂದರು ಕೂಲಿಯ ಮೇಲಾಗಲಿ ನಮ್ಮ ದೂರಿಲ್ಲ. ದೂರಿರುವುದು ಹಗ್ಗದ ತುದಿ ಹಿಡಿದವನ ಮೇಲೆ.

ಈಗ ಹೋಟೆಲಿನ ಮಾತಿಗೆ ಬರೋಣ. ಗೋಧಿ ನಿಲ್ಲಿಸಿದ್ದರಿಂದಲೇ ಭಾರತ ಬೆಳೆದುಕೊಂಡಿತೆ? ಸಿ. ಸುಬ್ರಹ್ಮಣ್ಯಂ ಅವರು ಆಹಾರ ಮಂತ್ರಿಯಾದದ್ದು 1964ರ ಜೂನಿನಲ್ಲಿ. ಗೋಧಿ ತಳಿಯ ವಿಜ್ಞಾನಿ ನಾರ್ಮನ್ ಬೋರ್ಲಾಗ್ ನಮ್ಮ ಗೋಧಿ ಸೀಮೆಗಳನ್ನು ಸುತ್ತಿ ನೋಡಿ, ಮೆಕ್ಸಿಕೋದ ಗಿಡ್ಡ ತಳಿಗಳು ಇಲ್ಲಿನ ಪ್ರಯೋಗದ ಹೊಲಗಳಿಗೆ ಬಂದದ್ದು 1963ರಲ್ಲಿ. ರೈತನಿಂದ ಧಾನ್ಯ ಕೊಳ್ಳುವ ಭಾರತ ಆಹಾರ ನಿಗಮವೂ ಬೆಲೆ ಗೊತ್ತುಮಾಡುವ ಆಯೋಗವೂ ಹುಟ್ಟಿದ್ದು 1965ರ ಜನವರಿಯಲ್ಲಿ. ಅಮೆರಿಕ ನೆರವು ತಡೆದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಉಳುವ ಎತ್ತಿಗೆ ನಡುವೆ ಒಂದು ಚಾಟಿ ಕೊಟ್ಟು, ಆಮೇಲೆ ಹೊಲ ಉತ್ತದ್ದು ನನ್ನ ಚಾಟಿಯೇ ಎಂದರೆ ಒಪ್ಪಲಾದೀತೆ? 1966ರಲ್ಲಿ 18,000 ಟನ್ ಮೆಕ್ಸಿಕೋ ಬಿತ್ತನೆ ಗೋಧಿ ತರಿಸಲು ಸಾಧ್ಯವಾದದ್ದು ನಮಗೊಂದು ಸರ್ಕಾರವಿತ್ತು, ರೈಲಿತ್ತು, ಕಾಲುವೆಯಿತ್ತು, ಕೃಷಿ ಶಾಲೆಗಳಿದ್ದವು ಎಂಬುದರಿಂದ. ಮೇಲಾಗಿ ಗಿಡ್ಡ ಹಗ್ಗದಲ್ಲಾದರೂ ಒಂದು ಕೋಟಿ ಟನ್ ಬಂತು. ಬಿತ್ತಿದ್ದು ತೆನೆಯಾಗುವ ತನಕ ಬದುಕಿರಲು ಅದು ಬೇಕಾಗಿತ್ತು. ಸೂಡಾನಿನ ಗಂಜಿ ಕೇಂದ್ರದ ಮುಂದೆ ಪಾತ್ರೆ ಹಿಡಿದು ನಿಂತ ತಾಯಿಗೆ ಯಾವ ಕೃಷಿ ಶಾಲೆಯಿದೆ? ಅವಳ ಹೊಲದಲ್ಲಿ ಬಂದೂಕು ಹಿಡಿದವರಿದ್ದಾರೆ. ಅವಳಿಗೆ ಸ್ವಾವಲಂಬನೆಯ ಪಾಠ ಹೇಳುವುದು, ನಮ್ಮ ಹಿಂದಿನ ಮಾಸ್ತರಿಕೆಯ ಭಾಷೆಯಲ್ಲೇ ಹೇಳುವುದಾದರೆ, ಬಿಸಿಯೂಟ ನಿಲ್ಲಿಸಿ ಮಗ್ಗಿ ಕೇಳಿದ ಹಾಗೆ.

ನೆರವಿನಲ್ಲಿಯೂ ಎರಡು ಬಗೆ ಉಂಟು, ಕೊಟ್ಟವನು ಎದ್ದು ಹೋದರೂ ಉಳಿಯುವುದು, ಅವನ ಜೊತೆಯಲ್ಲೇ ಎದ್ದು ಹೋಗುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಹುಟ್ಟಿದಾಗ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾನಿಲಯದವರು ನೆರವಾದರು. ಅವರು ಹಿಂದಿರುಗಿ ಎಷ್ಟೋ ಕಾಲವಾಯಿತು, ವಿದ್ಯಾನಿಲಯ ಹೆಬ್ಬಾಳದಲ್ಲಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಮ್ಮ ಮುದ್ದೆಯಲ್ಲಿ ಆಫ್ರಿಕದ ಬೀಜದ ಋಣವಿದೆ. ಆಫ್ರಿಕದ ಹಸಿವಿನ ಮಾತು ನಮಗೇಕೆ ಎನ್ನುವವರು ಊಟಕ್ಕೆ ಕೂತಾಗ ಇದನ್ನೊಮ್ಮೆ ನೆನೆಯಲಿ.

ಟಿಬೆಟಿನಿಂದ ಓಡಿಬಂದವರಿಗೆ 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಬಿಟ್ಟುಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದುಕೊಂಡರು. 2025ರ ಆರಂಭದಲ್ಲಿ ಟಿಬೆಟನ್ನರಿಗೆ ಬರುತ್ತಿದ್ದ ಅಮೆರಿಕದ ಹಣವೂ ನಿಂತು, ಜುಲೈ ಹೊತ್ತಿಗೆ ಒಂದು ಭಾಗ ಮರಳಿತು. ಆ ಆರು ತಿಂಗಳಲ್ಲಿ ದವಾಖಾನೆಗೂ ಶಾಲೆಗೂ ಎಷ್ಟು ತಳಮಳವಾಗಿದ್ದರೂ, ಕಾಲ ಕೆಳಗಿನ ನೆಲ ಅಲ್ಲೇ ಇತ್ತು.

ಹಗ್ಗ ಹಿಡಿಯುವವನು ಸಮುದ್ರದಾಚೆಯೇ ಇರಬೇಕೆಂದೇನೂ ಇಲ್ಲ. 2023ರ ಜೂನಿನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಬೇಕೆಂದು ಕರ್ನಾಟಕ ಸರ್ಕಾರ ದುಡ್ಡು ಕೊಟ್ಟು ಕೊಳ್ಳಲು ಹೋದಾಗ, ಆಹಾರ ನಿಗಮ ಮೊದಲು ಒಪ್ಪಿ, ಮರುದಿನವೇ ಇಲ್ಲವೆಂದಿತು. ರಾಜ್ಯಗಳಿಗೆ ಮಾರಾಟವಿಲ್ಲವೆಂದು ಕೇಂದ್ರದ ಅಪ್ಪಣೆಯಾಗಿತ್ತು. ರೇಷನ್ ಕಾರ್ಡಿನವರಿಗೆ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬಂತು. 2025ರ ಫೆಬ್ರವರಿಯ ತನಕ ಹಾಗೆಯೇ ನಡೆಯಿತು. ಆ 170 ರೂಪಾಯಿ ಹಿಡಿದು ಅಂಗಡಿಗೆ ಹೋದವರಿಗೆ ಸಿಕ್ಕ ಅಕ್ಕಿ 5 ಕಿಲೋವಿಗೆ ಎಷ್ಟು ಕಡಿಮೆಯಿತ್ತೆಂಬುದು ಯಡಿಯೂರಿನ ಪ್ರತಿ ಅಡಿಗೆಮನೆಗೂ ಗೊತ್ತು. ಇಲ್ಲಿ ಯುದ್ಧವಿರಲಿಲ್ಲ. ಎರಡು ಸರ್ಕಾರಗಳ ಪಕ್ಷ ಬೇರೆ ಬೇರೆಯಾಗಿತ್ತು.

ಆದಕಾರಣ ನಮ್ಮ ಬೇಡಿಕೆ ಎರಡು. ಮೊದಲನೆಯದು ಮನೆಯದು. ಜಯನಗರ ಬಡಾವಣೆಯ ಕೆಲಸ 1948ರಲ್ಲಿ ಶುರುವಾಗುವ ಮುಂಚೆ ಯಡಿಯೂರು ಕೆರೆಯ ದಡದ ಹಳ್ಳಿ. ಈಗ ಇಲ್ಲಿ ರಾಗಿ ಬೆಳೆಯುವ ಗೇಣು ನೆಲವಿಲ್ಲ. ಕನಕಪುರದ ರಸ್ತೆ ಹಿಡಿದು ಹೋದರೆ ಇನ್ನೂ ಇದೆ. 2025–26ರ ಸಾಲಿಗೆ ಸರ್ಕಾರ ಸಾರಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಬೆಲೆಗೆ, ಇಂತಿಷ್ಟೇ ಎಂಬ ಮಿತಿಯಿಲ್ಲದೆ, ರೈತ ತಂದಷ್ಟನ್ನೂ ಕೊಂಡು ನಮ್ಮ ನ್ಯಾಯಬೆಲೆ ಅಂಗಡಿಗಳಿಗೆ ಹಂಚುವುದಾಗಬೇಕು. ರಾಜ್ಯದ ಉಗ್ರಾಣದಲ್ಲಿ ಸ್ವಂತ ರಾಗಿ ಇದ್ದರೆ ದಿಲ್ಲಿಯ ಬಾಗಿಲಲ್ಲಿ ಅಷ್ಟು ಹೊತ್ತು ನಿಲ್ಲಬೇಕಾಗಿಲ್ಲ.

ಎರಡನೆಯದು ಹೊರಗಿನದು. ಒಂದು ಕಾಲದಲ್ಲಿ ಬೇಡಿದ ದೇಶ ಈಗ ಕೊಡಬಲ್ಲ ದೇಶವಾಗಿದೆ. ಆಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡುವೆವೆಂದು 2021ರಲ್ಲಿ ಹೇಳಿ, 2022ರ ಫೆಬ್ರವರಿಯಿಂದ ಪಾಕಿಸ್ತಾನದ ನೆಲದ ಮೇಲೆಯೇ ಲಾರಿಗಳಲ್ಲಿ ಸಾಗಿಸಿದ್ದು ಒಳ್ಳೆಯ ಕೆಲಸ. ಆ ಆಡಳಿತ ನಮಗೆ ಮೆಚ್ಚಿಗೆಯಾಗಲಿ ಬಿಡಲಿ, ಹಸಿದವರು ಆಡಳಿತಗಾರರಲ್ಲ. 2025ರ ಮಧ್ಯದಲ್ಲಿ ಕೇಂದ್ರದ ಉಗ್ರಾಣಗಳಲ್ಲಿದ್ದ ಅಕ್ಕಿ ಕಾಪುದಾಸ್ತಾನಿಗೆ ಬೇಕಾದುದರ ಎರಡು ಪಟ್ಟಿಗೂ ಮಿಕ್ಕಿತ್ತು. 2024–25ರಲ್ಲಿ 52 ಲಕ್ಷ ಟನ್ ಅಕ್ಕಿಯನ್ನು ಕಿಲೋಗೆ 22 ರೂಪಾಯಿ 50 ಪೈಸೆಯಂತೆ ಎಥನಾಲ್ ಕಾಯಿಸುವ ಕಾರ್ಖಾನೆಗಳಿಗೆ ಗೊತ್ತುಮಾಡಲಾಗಿತ್ತು. ಅದರಲ್ಲಿ ಇಪ್ಪತ್ತನೆಯ ಒಂದು ಪಾಲನ್ನು ಸೂಡಾನಿನಂಥ ದೇಶಗಳಿಗೆ, ಮೂರು ವರ್ಷದ ಲಿಖಿತ ಮಾತು ಕೊಟ್ಟು, ನಡುವೆ ಯಾವ ಮಂತ್ರಿಯ ಮುನಿಸಿಗೂ ನಿಲ್ಲದಂತೆ, ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಏಕೆ ಕಳಿಸಬಾರದು? ನಿಲ್ಲಿಸಲೇಬೇಕಾದರೆ ಒಂದು ಸುಗ್ಗಿಯಷ್ಟಾದರೂ ಮುಂಚೆ ನೋಟೀಸು ಕೊಡತಕ್ಕದ್ದು ಎಂದು ಅದರಲ್ಲಿ ಬರೆದಿರಲಿ. ಬಾಡಿಗೆದಾರನನ್ನು ಬಿಡಿಸಲು, ಕೂಲಿಯಾಳನ್ನು ತೆಗೆಯಲು ನೋಟೀಸು ಬೇಕೆಂದು ಕಾಯಿದೆಯುಂಟು. ಒಂದು ದೇಶದ ಊಟ ನಿಲ್ಲಿಸಲು ಒಂದು ಸಂಜೆಯ ಸಹಿ ಸಾಕಾಗಿದೆ.

ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಬೇಕೆಂದು ಬೆಂಗಳೂರು ದಕ್ಷಿಣದ ಸದಸ್ಯರಿಗೆ ಬರೆದ ಅರ್ಜಿ ನಮ್ಮ ಕಾರ್ಯಕರ್ತರ ಕೈಯಲ್ಲಿದೆ. ರಾಗಿ ಖರೀದಿಯ ಅರ್ಜಿ ರಾಜ್ಯದ ಆಹಾರ ಸಚಿವರಿಗೆ ಬೇರೆಯಾಗಿ ಇದೆ. ಮಿಲ್ಲಿನ ಬಂಧುಗಳು ಪಾಳಿ ಬಿಟ್ಟು ಬರುವಾಗ, ಅಂಗಡಿಯವರು ಬಾಗಿಲು ಹಾಕುವ ಮುಂಚೆ, ಎರಡನ್ನೂ ಓದಿ ನೋಡಿ ರುಜು ಹಾಕಲಿ. ಎಥನಾಲಿನ ಅಕ್ಕಿಯ ಲೆಕ್ಕದಲ್ಲಿ ಯಾರಿಗಾದರೂ ತಕರಾರಿದ್ದರೆ ಅರ್ಜಿಯ ಅಂಚಿನಲ್ಲೇ ಬರೆಯಬಹುದು. ಕಳಿಸುವಾಗ ಅದನ್ನೂ ಸೇರಿಸಿಯೇ ಕಳಿಸುತ್ತೇವೆ.